ಅರಿಶಿಣ ಹಚ್ಚಿದ ಕ್ರಿಸ್‌ಮಸ್ ಕಾರ್ಡು

ಡಾಕ್ಟರು ನನ್ನ ಕುತ್ತಿಗೆಗೆ ಪಟ್ಟಿ ಹಾಕಿ, "ಇನ್ನ ಕಂಪ್ಯೂಟರ್ ಮುಂದ ಕೂಡಬ್ಯಾಡ್ರಿ" ಎಂದ ದಿನವೇ ನಾನು ನಿವೃತ್ತಳಾದೆ. ನಿವೃತ್ತಿ ಎಂದರೆ ಹಾರ, ಶಾಲು, ಹಣ್ಣಿನ ಬುಟ್ಟಿ, ಒಂದಿಷ್ಟು ಸುಳ್ಳು ಭಾಷಣ ಎಂದುಕೊಂಡಿದ್ದೆ. ಸಿಕ್ಕಿದ್ದು ಪಟ್ಟಿ ಒಂದೇ. ಅದನ್ನು ಹಾಕಿಕೊಂಡವರು ಯಾರು ಮಾತನಾಡಿಸಿದರೂ ಇಡೀ ಮೈ ತಿರುಗಿಸಿ ನೋಡಬೇಕು. ಹೀಗಾಗಿ ನಮ್ಮ ಓಣಿಯವರು ಈ ಅಕ್ಕನಿಗೆ ಈಗ ಗರ್ವ ಬಂದಿದೆ ಎನ್ನುತ್ತಾರೆ.

ನಾನು ಕಲಬುರಗಿಯ ಸೇಡಂ ರಸ್ತೆಯ ಒಂದು ಸಣ್ಣ ಛಾಪಖಾನೆಯಲ್ಲಿ ಆಮಂತ್ರಣ ಪತ್ರಿಕೆ ಮಾಡುತ್ತಿದ್ದೆ. ಲಗ್ನ, ಜವಳ, ತೊಟ್ಟಿಲು, ವಲೀಮಾ, ಹೊಸ ಮನೆ, ಹೀಗೆ ಮಂದಿ ಮಂದಿಯನ್ನು ಯಾವುದಕ್ಕೆಲ್ಲ ಕರೆಯುತ್ತಾರೋ ಅದಕ್ಕೆಲ್ಲ. ಡಿಸೆಂಬರ್ ಬಂತೆಂದರೆ ಮಕ್ಕಳ ಕ್ರಿಸ್‌ಮಸ್ ಪಾರ್ಟಿಯ ಕಾರ್ಡುಗಳು. ಮೊನ್ನೆ ಪಕ್ಕದ ಮನೆಯ ಹುಡುಗಿ ಇದೇ ಕೆಲಸಕ್ಕೆ ಸೇರಿದಳು. "ಅಕ್ಕಾ, ನಾ ಏನ್ ನೆನಪಿಟ್ಕೋಬೇಕು ಹೇಳ್ರಿ" ಎಂದು ಕೇಳಿದಳು. ಕೇಳಿ ತಪ್ಪು ಮಾಡಿದಳು. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಡುವೆ ಒಮ್ಮೆ ನನ್ನ ಹೆಸರಿನ ಹಿಂದೆ 'ಸೀನಿಯರ್' ಎಂಬ ಮಾತು ಬಂದು ಸೇರಿಕೊಂಡಿತು. ಅದಕ್ಕೂ ಪಗಾರಕ್ಕೂ ಪರಿಚಯವಿರಲಿಲ್ಲವಾದ್ದರಿಂದ ಆ ಭಾಗವನ್ನು ಇಲ್ಲಿಗೇ ಬಿಡುತ್ತೇನೆ.

ಮಾಲಕರು ರಹೀಮ್ ಚಾಚಾ. ಬಿಳಿ ಗಡ್ಡ, ಮೂಗಿನ ತುದಿಗೆ ಕನ್ನಡಕ. ಸಮಾಧಾನವಿದ್ದಾಗ ನನ್ನನ್ನು ಬೇಟಾ ಎನ್ನುತ್ತಿದ್ದರು, ಸಿಟ್ಟಿದ್ದಾಗ ಮೇಡಂ. ಮೇಡಂ ಎಂಬ ಮಾತು ಕಿವಿಗೆ ಬಿದ್ದರೆ ನಾನು ಹಿಂದಿನ ದಿನದ ಕಾರ್ಡುಗಳನ್ನೆಲ್ಲ ತೆಗೆದು ಮತ್ತೆ ಓದುತ್ತಿದ್ದೆ. ಅವರ ಮೇಜಿನ ಖಾನೆಯಲ್ಲಿ ಒಂದು ಅರಿಶಿಣದ ಡಬ್ಬಿ, ಒಂದು ಅತ್ತರಿನ ಶೀಶೆ ಯಾವಾಗಲೂ ಇರುತ್ತಿದ್ದವು. ಹಿಂದೂಗಳ ಕಾರ್ಡಾದರೆ ಮೊದಲ ಪ್ರತಿಯ ನಾಲ್ಕೂ ಮೂಲೆಗೆ ತಾವೇ ಹೆಬ್ಬೆರಳಿನಿಂದ ಅರಿಶಿಣ ಒತ್ತಿ ಗಿರಾಕಿಯ ಕೈಗೆ ಕೊಡುತ್ತಿದ್ದರು. ಮುಸಲ್ಮಾನರದಾದರೆ ಒಂದು ಹನಿ ಅತ್ತರು. ಯಾರೋ ಒಬ್ಬರು ಅರಿಶಿಣವಿಲ್ಲದ ಕಾರ್ಡು ಅಶುಭವೆಂದು ಇಡೀ ಕಟ್ಟನ್ನು ವಾಪಸು ಒಗೆದು ಹೋಗಿದ್ದರಂತೆ. ಅಂದಿನಿಂದ ಚಾಚಾ ಯಾವ ಪುರೋಹಿತನಿಗೂ ಕಡಿಮೆಯಿಲ್ಲದಂತೆ ಶಾಸ್ತ್ರ ಪಾಲಿಸಿದರು.

ನನಗೆ ಚಿಂತೆ ಮಾಡುವ ಚಟ. ಬೀಗ ಹಾಕಿ ಅರ್ಧ ದಾರಿ ಹೋಗಿ ತಿರುಗಿ ಬಂದು ಬೀಗ ಜಗ್ಗಿ ನೋಡುವವಳು. ಮುದ್ರಣಕ್ಕೆ ಕೊಟ್ಟ ಮೇಲೆ ವರನ ತಂದೆಯ ಜಾಗದಲ್ಲಿ ವಧುವಿನ ತಂದೆ ಕೂತಿರಬಹುದೇ ಎಂದು ಮತ್ತೆ ಫೈಲು ತೆರೆದು ನೋಡುತ್ತಿದ್ದೆ. ಈ ಚಟ ಕೆಲಸಕ್ಕೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ತಿಳಿದ ಮಟ್ಟಿಗೆ, ಚಿಂತೆ ಮಾಡುವವರು ಬೇಡದ್ದನ್ನೆಲ್ಲ ಚಿಂತಿಸಿ ದಣಿದಿರುತ್ತಾರೆ. ಬೇಕಾದದ್ದು ಅವರ ಮೂಗಿನ ಕೆಳಗಿಂದಲೇ ದಾಟಿ ಹೋಗುತ್ತದೆ.

ಮಕ್ಕಳ ಕ್ರಿಸ್‌ಮಸ್ ಕಾರ್ಡಿನ ಕೆಲಸ ಮೊದಲ ಸಲ ಬಂದದ್ದು ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಿಂದ. ಪ್ರಿನ್ಸಿಪಾಲ್ ಬಾಯಿಯವರಿಗೆ ಸಾಂತಾ, ನಕ್ಷತ್ರ, ಮೇಣಬತ್ತಿ ಮೂರೂ ಬೇಕು. ನಮ್ಮ ಚಿತ್ರಗಳ ಸಿ.ಡಿ.ಯಲ್ಲಿ ಕೂತ ಗಣಪತಿ, ನಿಂತ ಗಣಪತಿ, ಕ್ರಿಕೆಟ್ ಆಡುವ ಗಣಪತಿ ಇದ್ದರು. ಕಳಶ, ಬಾಳೆಕಂಬ, ಶಹನಾಯಿ ಇದ್ದವು. ಸಾಂತಾ ಇರಲಿಲ್ಲ. ಮೇಲೆ ಮಸುಕಾದ ಸಾಂತಾ ಇದ್ದ ಬೇಕರಿಯ ಡಬ್ಬಿಯೊಂದನ್ನು ಮುಂದಿಟ್ಟುಕೊಂಡು ನಾನೇ ಬಿಡಿಸಿದೆ. ಗಡ್ಡ ಹೇಗೆ ಇಳಿಯುತ್ತದೆ ಎಂದು ತಿಳಿಯದೆ ಎದುರಿಗಿದ್ದ ಒಂದೇ ಗಡ್ಡವನ್ನು, ಅಂದರೆ ಚಾಚಾರದ್ದನ್ನು, ನೋಡಿ ನೋಡಿ ಬಿಡಿಸಿದೆ. ಅವರು ಅಂದು ಕರೆಂಟು ಹೋಗಿದ್ದಕ್ಕೆ ಸಿಟ್ಟಿನಲ್ಲಿದ್ದರು.

"ನಿಮ್ಮ ಸಾಂತಾ ಭಾಳ ಸಿಟ್ಟಿಗೆದ್ದಂಗ ಕಾಣ್ತಾನಲ್ರೀ?" ಎಂದರು ಪ್ರಿನ್ಸಿಪಾಲ್ ಬಾಯಿ.

"ಚಿಮಣಿಯಾಗಿಂದ ಇಳದು ಬಂದಾನ್ರಿ ಬಾಯಿ," ಎಂದರು ಚಾಚಾ. "ಸೊಂಟ ಹಿಡದಿರ್ತದ."

ಸಾಂತಾ ಪಾಸಾದ. ಸಿಕ್ಕಿಬಿದ್ದದ್ದು ಮೇಣಬತ್ತಿ. ಅದನ್ನು ನಾನು ಒಂದು ಶ್ರದ್ಧಾಂಜಲಿ ಪತ್ರದಿಂದ ಎತ್ತಿ ಹಾಕಿದ್ದೆ. ಕಾರ್ಡು ಹಂಚಿದ ಮೇಲೆ ಒಬ್ಬ ತಾಯಿ ಅದನ್ನು ಹಿಡಿದುಕೊಂಡು ನೇರ ನಮ್ಮಲ್ಲಿಗೆ ಬಂದರು. "ನಮ್ಮ ಮಾವನ ಫೋಟೋದ ಬಾಜೂಕ ಇದೇ ಮೇಣಬತ್ತಿ ಇತ್ತಲ್ರಿ. ಹೊಗಿ ಸುದ್ದಾ ಅದೇ ಅದ." ನಾನು ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿದೆ. ಚಾಚಾ ಕನ್ನಡಕ ತೆಗೆದು ಒರೆಸಿದರು. "ಮೇಣಬತ್ತಿಗಿ ಏನ್ ಗೊತ್ತವ್ವಾ, ಯಾರ್ ಹುಟ್ಯಾರ, ಯಾರ್ ಹೋಗ್ಯಾರ ಅಂತ?" ಆಕೆ ಖರೇ ಎಂದು ಹೋದರು. ಅವರು ಹೋದ ಮೇಲೆ ಚಾಚಾ ನನ್ನನ್ನು ಮೇಡಂ ಎಂದರು. ಹೊಸಬರೇ, ಹುಟ್ಟಿನ ಚಿತ್ರ, ಸಾವಿನ ಚಿತ್ರ ಬೇರೆ ಬೇರೆ ಫೋಲ್ಡರಿನಲ್ಲಿ ಇಡಿ.

ಮುಂದಿನ ವರ್ಷ ಅದೇ ಶಾಲೆಗೆ ಚಮಕಿ ಬೇಕಾಯಿತು. ನಕ್ಷತ್ರಕ್ಕೆ ಗೋಂದು ಹಚ್ಚಿ ಮೇಲೆ ಚಮಕಿ ಪುಡಿ ಉದುರಿಸಬೇಕು. ಎಲ್ಲ ಹರಡಿಕೊಂಡು ಕೂತಿದ್ದಾಗ ಯಾರೋ ಗಿರಾಕಿ ಒಳಗೆ ಬಂದು, "ಏನ್ ಸೆಕಿರೀ ಇಲ್ಲಿ" ಎಂದು ಫ್ಯಾನು ಹಾಕಿದರು. ಚಮಕಿ ಕೋಣೆಯ ತುಂಬ ಹಾರಿತು. ಅಂದು ಶುಕ್ರವಾರ. ಚಾಚಾ ಗಡಿಬಿಡಿಯಲ್ಲಿ ಗಡ್ಡ ಝಾಡಿಸಿಕೊಂಡು ಕೋಟೆಯ ಹತ್ತಿರದ ಮಸೀದಿಗೆ ನಮಾಜಿಗೆ ಹೋದರು. ತಿರುಗಿ ಬಂದಾಗ ನಗು ತಡೆಯಲಾರದೆ ಬಾಗಿಲಲ್ಲೇ ಕೂತರು. "ಎಲ್ಲಾರೂ ಕೇಳಾಕತ್ತಾರ ಬೇಟಾ. ಕ್ಯಾ ಮಿಯಾ, ಈ ವಯಸ್ಸಿನಾಗ ಮತ್ತ ನಿಕಾಹ್ ಏನು ಅಂತ." ಗಡ್ಡದ ತುಂಬ ನಕ್ಷತ್ರಗಳು. ಪಕ್ಕದಲ್ಲಿ ಒಣಗಲು ಇಟ್ಟಿದ್ದ ಲಗ್ನದ ಕಾರ್ಡುಗಳ ಮೇಲೂ ಅದೇ ಚಮಕಿ ಬಿದ್ದಿತ್ತು. ನಾನು ಆ ಲಗ್ನದ ಗಿರಾಕಿಗೆ ಏನು ಹೇಳಲಿ ಎಂದು ಊಟ ಬಿಟ್ಟು ಕೂತೆ. ಅವರು ಬಂದು ನೋಡಿ, ಹೊಸ ಫ್ಯಾಷನ್ನು ಎಂದು ಖುಷಿಯಿಂದ ಒಯ್ದರು. ಮುಂದಿನ ಲಗ್ನಸರಾಯಿಯಲ್ಲಿ ನಾಲ್ಕಾರು ಮಂದಿ ಅದನ್ನೇ ಬೇಕೆಂದರು. ನಮ್ಮ ಕಸುಬಿನಲ್ಲಿ ಬಂದ ಬದಲಾವಣೆಗಳನ್ನು ಯಾರಾದರೂ ಅಭ್ಯಾಸ ಮಾಡುವುದಿದ್ದರೆ ಫ್ಯಾನು ಹಾಕಿದವರ ಬಗ್ಗೆಯೂ ಒಂದು ಮಾತು ಬರೆಯಲಿ.

ಇನ್ನು ರೂತಮ್ಮ ಟೀಚರ್ ಕಥೆ. ಇದನ್ನು ಹೇಳಲಿಕ್ಕೆಂದೇ ಉಳಿದದ್ದನ್ನೆಲ್ಲ ಬೇಗ ಮುಗಿಸಿದೆ.

ರೂತಮ್ಮ ಕಮಲಾಪುರದವರು. ಮನೆಯಲ್ಲಿ ಹೊಲಿಗೆ ಮಿಷನ್ನು, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ. ಒಂದು ಡಿಸೆಂಬರಿನಲ್ಲಿ ಬಸ್ಸಿಳಿದು ನೇರ ನಮ್ಮಲ್ಲಿಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು ಕೂತರು.

"ಅಕ್ಕೋರೆ, ಹುಡ್ಗೂರಿಗಿ ಕ್ರಿಸ್‌ಮಸ್ ಪಾರ್ಟಿ ಕಾರ್ಡ್ ಮಾಡಿ ಕೊಡ್ರಿ. ಖರೇ ಕಾರ್ಡ್. ಲಗ್ನಕ್ಕ ಮಾಡ್ತೀರಲ್ಲ, ಅಂಥಾದು."

"ಹುಡ್ಗೂರಿಗಿ ಬಾಯೀಲೆ ಹೇಳಿದ್ರ ಸಾಲೂದಿಲ್ಲೇನ್ರಿ?" ಎಂದರು ಚಾಚಾ.

"ಹೋದ ವರ್ಷ ಬಾಯೀಲೇ ಹೇಳಿದ್ದೆ, ಚಾಚಾ. ನಮ್ಮ ಓಣಿ ಹುಡ್ಗೂರು ಅಷ್ಟೇ ಬಂದ್ವು. ಊರಾಗಿನ ಒಂದು ಕೂಸೂ ಬರ್ಲಿಲ್ಲ. ನಮ್ಮ ಮೊಮ್ಮಗಳು ಜ್ಯೋತಿ ಕ್ಲಾಸಿನ ಗೆಳತ್ಯಾರಿಗಿ ಅಂತ ಜಮಖಾನದ ಮ್ಯಾಲ ಜಾಗಾ ಹಿಡದು ಕುಂತಿತ್ತು. ಸಂಜೀ ತನಕ ಅಲ್ಲಿ ಯಾರಿಗೂ ಕೂಡಗೊಡ್ಲಿಲ್ಲ."

ಇದನ್ನು ಬಿಡಿಸಿ ಹೇಳುವ ಅಗತ್ಯ ನಮ್ಮ ಮೂವರಿಗೂ ಇರಲಿಲ್ಲ. ಹೊಸಬರಿಗಾಗಿ ಹೇಳುತ್ತೇನೆ. ಚರ್ಚಿನ ಓಣಿ ಊರಿನ ಅಂಚಿಗಿದೆ. ಅಲ್ಲಿಯವರು ಕ್ರೈಸ್ತರಾಗಿ ಎಷ್ಟೋ ತಲೆಮಾರಾಗಿದ್ದರೂ ಅವರು ಅದಕ್ಕೂ ಮೊದಲು ಯಾರಾಗಿದ್ದರು ಎಂಬುದನ್ನು ಊರು ಮರೆತಿಲ್ಲ. ಶಾಲೆಯಲ್ಲಿ ಒಂದೇ ಬೆಂಚು, ಬಿಸಿಯೂಟಕ್ಕೆ ಒಂದೇ ಸಾಲು. ಆದರೆ ಆ ಓಣಿಗೆ ಹೋಗಿ ಆ ಒಲೆಯ ಮೇಲೆ ಬೆಂದದ್ದನ್ನು ತಿನ್ನುವುದು ಬೇರೆ ಮಾತು. ಹೋಗಬೇಡ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. 'ನಮಗ ಕರದಿಲ್ಲ' ಎನ್ನುತ್ತಾರೆ. ನಾನು ಬೆಳೆದ ಮನೆಯಲ್ಲೂ ಹಾಗೇ ಎನ್ನುತ್ತಿದ್ದರು.

"ಕಾರ್ಡ್ ಕೈಯಾಗ ಕೊಟ್ರ ಕರದಿಲ್ಲ ಅನ್ನಾಕ ಬರೂದಿಲ್ಲ," ಎಂದರು ರೂತಮ್ಮ. "ಅದೂ ದೊಡ್ಡವರ ಕೈಯಾಗಲ್ರೀ. ಅವರು ಕಪಾಟದ ಮ್ಯಾಲ ಒಗದು ಮರೀತಾರ. ಹುಡ್ಗೂರ ಹೆಸರೀಲೆ ಕೊಡ್ತೀನಿ. ತನ್ನ ಹೆಸರಿಂದು ಕಾರ್ಡ್ ಬಂತಂದ್ರ ಕೂಸು ಮನಿಮಂದಿ ತಲಿ ತಿಂತದ. ಶ್ರೀ ಅಂತ ಬರೀರಿ, ಅವರಿಗೆ ಅಂತ ಬರೀರಿ, ನಡುವ ಜಾಗಾ ಬಿಡ್ರಿ, ಹೆಸರು ನಾ ತುಂಬತೀನಿ. ಮತ್ತ ಒಂದೊಂದು ಕಾರ್ಡಿಗೂ ಅರಿಶಿಣ ಬೇಕು."

ಚಾಚಾ ಖಾನೆಗೆ ಹಾಕಿದ ಕೈಯನ್ನು ಅಲ್ಲೇ ನಿಲ್ಲಿಸಿದರು. "ನಿಮ್ಮ ಹಬ್ಬಕ್ಕ ಅರಿಶಿಣ ನಡೀತದೇನ್ರಿ?"

"ನಮ್ಮ ಲಗ್ನದಾಗ ನಾವೇನ್ ಪೌಡರ್ ಹಚ್ಚತೀವೇನ್ರಿ? ಅರಿಶಿಣ ಇಲ್ಲದ ಕಾರ್ಡಿಗಿ ನಮ್ಮೂರಾಗ ಜಾಹೀರಾತು ಅಂತಾರ."

ಆಮೇಲೆ ನನ್ನ ಚಿಂತೆಗಳು ಸಾಲಾಗಿ ಬಂದವು. ಮೇಲೆ ದೇವರ ಹೆಸರು ಇಲ್ಲದ ಕಾರ್ಡು ಆ ಕಡೆ ನಡೆಯುವುದಿಲ್ಲ. ಏನು ಹಾಕುವುದು? 'ಯೇಸುಸ್ವಾಮಿ ಪ್ರಸನ್ನ' ಎಂದರು ಚಾಚಾ. ರೂತಮ್ಮ ಒಪ್ಪಿಕೊಂಡರು. "ಇರ್ಲಿ ಬಿಡ್ರಿ. ಪ್ರಸನ್ನ ಇರೂದು ಛಲೋನೇ." ಸಾಂತಾನ ಸುತ್ತ ನಾನು ಹಿಮ ಉದುರಿಸಿದ್ದೆ. "ಇದೇನ್ರಿ, ಹತ್ತಿ ಬಿಡಿಸಾಕ ಬಂದಾನೇನು?" ಎಂದು ಕೇಳಿದರು. ಹಿಮ ತೆಗೆದೆ. ಜಾರುಬಂಡಿಯ ಬದಲು ಚಕ್ಕಡಿ ಕಟ್ಟಿದೆ. ಚೀಲದಲ್ಲಿ ಆಟಿಕೆಯ ಬದಲು ಬಾಳೆಹಣ್ಣು ತುಂಬಿದೆ. ಅದೂ ಕೆಂಪಗೆ ಇರಬೇಕು, ಕಮಲಾಪುರದ್ದು ಎಂದರು. ಹೆಣ್ಣುಮಕ್ಕಳಿಗೆ 'ಕುಮಾರಿ' ಹಾಕಿದೆ. ನಕ್ಷತ್ರಕ್ಕೆ ಐದು ಮೂಲೆಯೋ ಆರೋ ಎಂದು ಎರಡು ಸಲ ಫೋನು ಮಾಡಿ ಕೇಳಿದೆ. "ನಿಮಗ ಎಷ್ಟು ಬರ್ತಾವೋ ಅಷ್ಟು ಹಾಕ್ರಿ ಅಕ್ಕೋರೆ" ಎಂದು ಅವರು ಫೋನು ಇಟ್ಟರು.

ನಮ್ಮ ಕೆಲಸದ ಕ್ರಮ ಇಷ್ಟೇ. ಹೊಸ ಕಾರ್ಡು ಎಂದರೆ ಹಳೆಯ ಕಾರ್ಡಿನ ಫೈಲು ತೆರೆದು, ಹಳೆ ಹೆಸರು ತೆಗೆದು, ಹೊಸ ಹೆಸರು ಹಾಕುವುದು. ಇದಕ್ಕಾಗಿ ನಾನು ಯಾರದೋ ಗೃಹಪ್ರವೇಶದ ಫೈಲು ತೆರೆದಿದ್ದೆ. ಮೇಲಿನಿಂದ ಮುಕ್ಕಾಲು ಭಾಗವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಕೊನೆಯ ಸಾಲನ್ನು ನೋಡಲಿಲ್ಲ. ಅದು ಎಲ್ಲ ಕಾರ್ಡಿನಲ್ಲೂ ಇರುವ ಸಾಲು. ದಿನವೂ ಕಾಣುವ ಗೋಡೆಯನ್ನು ಯಾರು ನೋಡುತ್ತಾರೆ? ನಾನು ಓದಲಿಲ್ಲ, ಚಾಚಾ ಓದಲಿಲ್ಲ, ರೂತಮ್ಮನೂ ಓದಲಿಲ್ಲ. ಮೂವರೂ ಹೆಬ್ಬೆರಳು ಹಳದಿ ಮಾಡಿಕೊಂಡು ಎಲ್ಲ ಕಾರ್ಡುಗಳ ಮೂಲೆಗೆ ಒತ್ತಿದ್ದೇ ಒತ್ತಿದ್ದು.

ಪಾರ್ಟಿಯ ಹಿಂದಿನ ದಿನ ಮಾದರಿಗೆಂದು ಗೋಡೆಗೆ ಅಂಟಿಸಿದ್ದ ಪ್ರತಿಯ ಕೆಳಗೆ ನಿಂತು ಚಹಾ ಕುಡಿಯುತ್ತಿದ್ದೆ. ಕಣ್ಣು ತಾನಾಗಿ ಕೊನೆಯ ಸಾಲಿಗೆ ಬಿತ್ತು. 'ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ನಮ್ಮ ಆತಿಥ್ಯ ಸ್ವೀಕರಿಸಬೇಕಾಗಿ ವಿನಂತಿ.'

ಎರಡನೇ ತರಗತಿಯ ಹುಡುಗನಿಗೆ, ಸಕುಟುಂಬ ಸಪರಿವಾರ. ರೂತಮ್ಮ ಮಾಡುತ್ತಿದ್ದದ್ದು ಮಕ್ಕಳಿಗಾಗುವಷ್ಟೇ ಕೇಕು. ಚಹಾ ಅಲ್ಲೇ ಇಟ್ಟು ಫೋನು ಮಾಡಿದೆ.

"ಎಲ್ಲಾ ಹಂಚೀನ್ರಿ. ಯಾಕ್ರಿ?" ಎಂದರು ರೂತಮ್ಮ.

ಹೇಳಿದೆ. ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

"ಅಕ್ಕೋರೆ, ನನಗ ಮಂದಿ ಬರೂದಿಲ್ಲಂತ ಚಿಂತಿ, ನಿಮಗ ಮಂದಿ ಬರ್ತಾರಂತ ಚಿಂತಿ. ಇಬ್ಬರೂ ಹಂಚಕೊಂಡು ಮಾಡೂಣು ಬಿಡ್ರಿ." ಮಿಷನ್ನು ಮತ್ತೆ ಶುರುವಾಯಿತು.

ಚಾಚಾ ನನ್ನನ್ನು ಮೇಡಂ ಎನ್ನುತ್ತಾರೆಂದು ಕಾದೆ. ಅವರು ಟೋಪಿ ಸರಿ ಮಾಡಿಕೊಂಡರು. "ಟೆನ್ಷನ್ ನಕ್ಕೋ ಬೇಟಾ. ನಾಳಿಗಿ ಛಾಪಖಾನಿ ಬಂದ್. ನಾವೂ ಹೋಗೂಣು, ಪರಿವಾರ ಆಗಿ." ಮರುದಿನ ಎರಡು ಚೀಲ ಟೋಸ್ಟು, ಒಂದು ಚೀಲ ಚೂಡಾ ಹೊತ್ತುಕೊಂಡು ಕಮಲಾಪುರದ ಬಸ್ಸು ಹತ್ತಿದೆವು.

ಚರ್ಚಿನ ಅಂಗಳದಲ್ಲಿ ಬಣ್ಣದ ಕಾಗದ ಕಟ್ಟಿದ್ದರು. ಓಣಿಯ ಮಕ್ಕಳು ಜಮಖಾನದ ಒಂದು ಬದಿಗೆ ಕೂತಿದ್ದವು. ಇನ್ನೊಂದು ಬದಿ ಖಾಲಿ. ಅದರ ನಡುವೆ ಜ್ಯೋತಿ ಕಾಲು ಚಾಚಿ ಎಷ್ಟು ಜಾಗ ಹಿಡಿಯಬಹುದೋ ಅಷ್ಟು ಹಿಡಿದು ಕೂತಿತ್ತು. ಕರೆದ ಹೊತ್ತು ಮೀರಿತು. ಯಾರೂ ಬರಲಿಲ್ಲ. ರೂತಮ್ಮ ಕೇಕಿನ ಮೇಲಿನ ಬಟ್ಟೆಯನ್ನು ತೆಗೆಯುವುದು, ಹೊದಿಸುವುದು ಮಾಡುತ್ತಿದ್ದರು. ಬಾರದಿರುವುದಕ್ಕಿಂತ ಸಪರಿವಾರ ಬರುವುದೇ ಮೇಲು ಎಂದು ನನಗೆ ಆಗ ಅನ್ನಿಸಿತು. ನನ್ನ ಚಿಂತೆ ಅಷ್ಟು ಸಲೀಸಾಗಿ ಪಕ್ಷ ಬದಲಿಸಿದ್ದು ಅದೇ ಮೊದಲು.

ಆಗ ಓಣಿಯ ತಿರುವಿನಲ್ಲಿ ಮಲ್ಲು ಕಾಣಿಸಿದ. ಎರಡನೇ ತರಗತಿಯ ಮಲ್ಲಿಕಾರ್ಜುನ, ಇಸ್ತ್ರಿ ಮಾಡಿದ ಅಂಗಿ, ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದ ಕಾರ್ಡು. ಅವನ ಹಿಂದೆ ಅವನ ಅಜ್ಜ, ಊರಿನಲ್ಲಿ ಬಾಳೆ ತೋಟವಿರುವ ಶಿವಶರಣಪ್ಪ ಮುತ್ಯಾ, ರುಮಾಲು ಸುತ್ತಿಕೊಂಡು, ಹೆಗಲ ಮೇಲೆ ಕೆಂಪು ಬಾಳೆಗೊನೆ ಹೊತ್ತು. ಅವರ ಹಿಂದೆ ಅಜ್ಜಿ, ತಾಯಿ, ಅತ್ತೆ. ಅವರ ಹಿಂದೆ ಇನ್ನೊಂದು ಕಾರ್ಡು, ಇನ್ನೊಂದು ಮನೆ. ಆಮೇಲೆ ತಿಳಿಯಿತು, ಕಾರ್ಡನ್ನು ಕೊನೆಯತನಕ ಓದಿದವರು ಮಕ್ಕಳು ಮಾತ್ರ. ಅವರಿಗೆ ಓದು ಹೊಸದಾಗಿ ಬಂದಿತ್ತು, ಸಿಕ್ಕದ್ದನ್ನು ಬಿಡುತ್ತಿರಲಿಲ್ಲ. ಸಪರಿವಾರ ಅಂದರೇನು ಎಂದು ಶಾಲೆಯಲ್ಲಿ ಮಾಸ್ತರರನ್ನು ಕೇಳಿಕೊಂಡು ಬಂದಿದ್ದರು. ಮನೆಮಂದಿಯೆಲ್ಲ ಹೊರಡದಿದ್ದರೆ ಉಣ್ಣುವುದಿಲ್ಲ ಎಂದು ಹಟ ಹಿಡಿದಿದ್ದರು. ದೊಡ್ಡವರಿಗೂ ಒಂದು ಅನುಕೂಲವಿತ್ತು. ಯಾರು ಕೇಳಿದರೂ, "ನಮಗೆಲ್ಲಿ ಕರದಾರ? ಹುಡುಗಗ ಕರದಾರ, ಅವನ ಸಂಗಡ ಬಂದೀವಿ" ಎನ್ನಬಹುದು.

ಆಮಂತ್ರಣ ಬಂದ ಮನೆಗೆ ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ತೆಂಗಿನಕಾಯಿ, ಸಕ್ಕರೆ, ಕುಪ್ಪಸದ ಕಣ ಎಲ್ಲ ಆಹೇರಿಯ ಉಡುಗೊರೆಯಾಗಿ ಬಂತು. ರೂತಮ್ಮನ ತೋಳ ತುಂಬ ಕಣಗಳು. ಮುತ್ಯಾ ಗೊನೆ ಇಳಿಸಿ ಜಮಖಾನದ ಖಾಲಿ ಜಾಗದಲ್ಲಿ ಕೂತರು.

"ಮುತ್ಯಾ, ಏಳ್ರಿ," ಎಂದಿತು ಜ್ಯೋತಿ. "ಇದು ನಮ್ಮ ಕ್ಲಾಸಿನವರ ಜಾಗಾ."

ಮುತ್ಯಾ ಎದ್ದು ಗೋಡೆಗೆ ಆತು ಕೂತರು. ಮಕ್ಕಳು ಜಾಗ ತುಂಬಿದವು.

ರೂತಮ್ಮ ಕೇಕಿನ ತಟ್ಟೆ ತಂದರು. ಅಲ್ಲಿಗೆ ಎಲ್ಲರ ಹೊಟ್ಟೆಯೂ ಒಮ್ಮೆಲೇ ತುಂಬಿತು. "ಈಗಷ್ಟೇ ಉಂಡು ಬಂದೀವ್ರಿ." "ಇವತ್ತು ನನ್ನ ವಾರದ ಉಪಾಸ ಅದ." "ತತ್ತಿ ಇರ್ತದಲ್ರಿ ಅದರಾಗ?" ರೂತಮ್ಮ, "ತತ್ತಿ ಹಾಕಿಲ್ರೀ. ಹಿಂಗ ಅಂತೀರಂತ ಗೊತ್ತಿತ್ತು" ಎಂದರು. ಆಗ, ಬಾಳೆಹಣ್ಣೇ ಸಾಕು ಎಂದರು. ಹಣ್ಣಿಗೆ ಮೈಲಿಗೆಯಿಲ್ಲ, ಅದನ್ನು ಎಲ್ಲರೂ ತಿಂದರು. ಮಕ್ಕಳು ಕೇಕಿಗೆ ಚಾಚಿದ ಕೈಯನ್ನು ಹಿಂದೆ ಎಳೆದುಕೊಂಡು ದೊಡ್ಡವರ ಮುಖ ನೋಡಿದವು. ತಟ್ಟೆ ರೂತಮ್ಮನ ಕೈಯಲ್ಲೇ ಉಳಿಯಿತು. ಅವರು ಅದನ್ನು ಕೆಳಗೂ ಇಡಲಿಲ್ಲ.

ಮಲ್ಲು ಎದ್ದು ಗೋಡೆಯ ಹತ್ತಿರ ಹೋದ. ಕಾರ್ಡು ಕೈಯಲ್ಲೇ ಇತ್ತು.

"ಮುತ್ಯಾ, ತಿನ್ನು."

"ನನಗ ಹಲ್ಲಿಲ್ಲೋ."

"ಕೇಕಿಗಿ ಹಲ್ಲ್ ಬೇಕಾಗೂದಿಲ್ಲ. ಕಾರ್ಡ್ ನನ್ನ ಹೆಸರೀಲೆ ಬಂದದ. ನೀ ನನ್ನ ಪರಿವಾರ. ನನ್ನ ಪರಿವಾರ ಹಿಂಗ ಮಾಡಿದ್ರ ಮುಂದಿನ ವರ್ಷ ನನಗ ಕರೀತಾರೇನು?"

ಮುತ್ಯಾ ಹುಡುಗನನ್ನು ನೋಡಿದರು. ಅವನ ಬೆನ್ನಿಗೆ ನಿಂತಿದ್ದ ಸೊಸೆಯನ್ನು ನೋಡಿದರು. ಆಕೆ ನಗು ಮುಚ್ಚಲು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೈ ಚಾಚಿದರು. ರೂತಮ್ಮ ಒಂದು ತುಂಡು ಕೊಟ್ಟರು. ಮುತ್ಯಾ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಆಡಿಸಿದರು. "ಸಿಹಿ ಛಲೋ ಹಾಕೀರಿ," ಎಂದರು.

ಅಷ್ಟೇ ಸಾಕಾಯಿತು. ಮಕ್ಕಳು ತಟ್ಟೆಯ ಮೇಲೆ ಬಿದ್ದವು. ಎಲ್ಲರೂ ತಿಂದರೆಂದು ಬರೆದರೆ ಸುಳ್ಳಾಗುತ್ತದೆ. ಮುತ್ಯಾನ ಹೆಂಡತಿ ಕೊನೆಯತನಕ ಬಾಳೆಹಣ್ಣಿನಲ್ಲೇ ಉಳಿದರು. ಇಬ್ಬರು ಮೂವರು ತಮ್ಮ ಮಕ್ಕಳನ್ನು ಕರೆದುಕೊಂಡು ಬೇಗ ಎದ್ದು ಹೋದರು. ಉಳಿದವರಿಗೆ ಕೇಕು ಸಾಲಲಿಲ್ಲ. ಚಾಚಾ ಚೀಲ ಬಿಚ್ಚಿ ಟೋಸ್ಟು ಹಂಚಲು ನಿಂತರು. ಒಂದು ಕೂಸು ಅವರ ಗಡ್ಡ ನೋಡಿ ಅವ್ವನ ಸೆರಗು ಜಗ್ಗಿ, ಸಾಂತಾ ಯಾಕೆ ಕೆಂಪು ಅಂಗಿ ಹಾಕಿಲ್ಲ ಎಂದು ಕೇಳಿತು.

ಈ ಘಟನೆಯಿಂದ ಹೊಸಬರು ಏನು ಕಲಿಯಬೇಕೋ ನನಗೆ ಗೊತ್ತಿಲ್ಲ. ಕೊನೆಯ ಸಾಲನ್ನೂ ಓದಿ ಎನ್ನಬೇಕು, ನಿಯಮ ಅದೇ. ಆದರೆ ನಾನು ಓದಿ ತೆಗೆದಿದ್ದರೆ ಜ್ಯೋತಿ ಆ ವರ್ಷವೂ ಕಾಲು ಚಾಚಿಯೇ ಕೂತಿರುತ್ತಿತ್ತೋ ಏನೋ. ಇದನ್ನು ನೆನೆದು ನಾನು ಈಗಲೂ ಚಿಂತೆ ಮಾಡುತ್ತೇನೆ, ಕುತ್ತಿಗೆ ನೋಯುತ್ತದೆ. ಈಗಂತೂ ಕಾರ್ಡು ಫೋನಿನಲ್ಲೇ ಬರುತ್ತದೆ. ಸಾಂತಾ ಕುಣಿಯುತ್ತಾನೆ, ಗಂಟೆ ಮೊಳಗುತ್ತದೆ, ಬೆರಳು ತಾಗಿದರೆ ಅಳಿಸಿ ಹೋಗುತ್ತದೆ. ಅದಕ್ಕೆ ಅರಿಶಿಣ ಎಲ್ಲಿ ಹಚ್ಚುವುದೋ ಪಕ್ಕದ ಮನೆಯ ಹುಡುಗಿಯೇ ಕಂಡುಹಿಡಿಯಲಿ.

ಮರುವರ್ಷ ರೂತಮ್ಮ, "ಒಂದಕ್ಷರ ಬದಲು ಮಾಡಬ್ಯಾಡ್ರಿ, ಕೇಕ್ ದೊಡ್ಡದು ಮಾಡ್ತೀನಿ" ಎಂದು ಹೇಳಿ ಹೋದರು. ಅದಾದ ಕೆಲವು ದಿನಕ್ಕೆ ಶಿವಶರಣಪ್ಪ ಮುತ್ಯಾ ನಮ್ಮಲ್ಲಿಗೆ ಬಂದರು. ದವಾಖಾನೆಗೆಂದು ಕಲಬುರಗಿಗೆ ಬಂದಿದ್ದರಂತೆ. ಕೂತು, ನೀರು ಕುಡಿದು, ಆ ಮಾತು ಈ ಮಾತು ಆಡಿ, ಕೊನೆಗೆ ದನಿ ಇಳಿಸಿದರು.

"ಆ ಹುಡ್ಗೂರ ಪಾರ್ಟಿ ಕಾರ್ಡ್ ಮಾಡಾಕತ್ತೀರಂತಲ್ಲ ಅಕ್ಕೋರೆ. ಟೀಚರಿಗಿ ಕೇಳೀನಿ, ಆಕಿ ಹೂಂ ಅಂದಾಳ. ನನ್ನ ಹೆಸರೀಲೆ ಒಂದು ಮಾಡ್ರಿ."

ಶ್ರೀ ಎಂದು ಮೊದಲೇ ಇತ್ತು. ಹೆಸರು ಟೈಪು ಮಾಡಿ, ಒಂದು ಪ್ರತಿ ತೆಗೆದು ಕೊಟ್ಟೆ. ಅವರು ಕನ್ನಡಕ ಏರಿಸಿ, ಯೇಸುಸ್ವಾಮಿ ಪ್ರಸನ್ನದಿಂದ ಶುರು ಮಾಡಿ ಬೆರಳಿಟ್ಟು ಓದುತ್ತ ಹೋದರು. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. ನಾನು ಕಂಡ ಹಾಗೆ, ಆ ಸಾಲನ್ನು ಓದಿದ ಮೊದಲ ಗಿರಾಕಿ ಅವರೇ.

"ಇದಿಷ್ಟು ತೆಗೀರಿ," ಎಂದರು. "ಸಕುಟುಂಬ ಬ್ಯಾಡ. ಹೋದ ವರ್ಷ ಎರಡನೇ ತುಕಡಿ ಕೇಕ್ ಕೇಳಿದ್ರ ನಮ್ಮ ಮಲ್ಲು ಎಲ್ಲಾರ ಮುಂದ ಕಣ್ಣ್ ತಗದು ನೋಡಿದ. ಈ ಸಲ ನಾ ಒಬ್ಬನೇ ಹೋಗ್ತೀನಿ."

ಸಾಲು ತೆಗೆದು ಇನ್ನೊಂದು ಪ್ರತಿ ಹೊಡೆದೆ. ಚಾಚಾ ಆಗಲೇ ಖಾನೆ ಎಳೆದು ಅರಿಶಿಣದ ಡಬ್ಬಿ ತೆರೆದಿದ್ದರು.